ಉಪ್ಪಿನ ಮಾತು ಹೊತ್ತವಳು

ನೆಲ ಮುಗಿದು ಕಡಲು ಶುರುವಾಗುವಲ್ಲಿ ಒಂದು ನಾಡಿತ್ತು. ನೆಲ ಏರಿ ಏರಿ ಮೋಡದೊಳಗೆ ಹೋಗುವಲ್ಲಿ ಇನ್ನೊಂದು ನಾಡಿತ್ತು. ಕಡಲ ನಾಡಿನವರು ಉಪ್ಪು ಬೆಳೆಯುತ್ತಿದ್ದರು, ಹಿಮದ ನಾಡಿನವರು ಕುರಿ ಮೇಯಿಸುತ್ತಿದ್ದರು. ನಡುವೆ ಐದು ತಿಂಗಳ ದಾರಿ. ಇವರು ಹಿಮ ಕಂಡವರಲ್ಲ, ಅವರು ಅಲೆ ಕಂಡವರಲ್ಲ. ಆದರೂ ಕಡಲ ನಾಡಿನಲ್ಲಿ ಯಾರಾದರೂ ತೀರಿಕೊಂಡರೆ ಅವರಿಗೆ ಹೊದಿಸುತ್ತಿದ್ದದ್ದು ಹಿಮದ ನಾಡಿನ ಕಂಬಳಿ. ಹಿಮದ ನಾಡಿನಲ್ಲಿ ಕೂಸು ಹುಟ್ಟಿದರೆ ಅದರ ನಾಲಗೆಗೆ ಕಡಲ ಉಪ್ಪಿನ ಒಂದು ಹರಳು ಮುಟ್ಟಿಸಿದ ಮೇಲೆಯೇ ಹೆಸರು. ಅಲ್ಲಿಯತನಕ ಅದು ಬರೀ ಕೂಸು.

ಈ ಎರಡು ನಾಡುಗಳಿಗೂ ಒಂದೇ ಕಟ್ಟಳೆ. ಒಂದು ನಾಡು ಇನ್ನೊಂದು ನಾಡಿಗೆ ಮಾತು ಕೊಟ್ಟರೆ ಆ ಮಾತಿಗೆ ಹೊಣೆ ಕೊಟ್ಟವರದಲ್ಲ, ದಾಟಿಸಿದವರದು. ಕೊಟ್ಟವರು ನಡೆಸಿಕೊಟ್ಟರೆ ಸರಿ. ನಡೆಸದೆ ಹೋದರೆ, ಈ ಭಾಷೆಯಿಂದ ಆ ಭಾಷೆಗೆ ಅದನ್ನು ದಾಟಿಸಿದವರು ತಮ್ಮ ಹೆಗಲ ಮೇಲೆ ಹೊತ್ತು ನಡೆಸಬೇಕು. ಹಾಗೆ ಹೊತ್ತ ಹೊರೆ ಆಚೆಯವರ ಕೈ ಸೇರುವ ತನಕ ನೆಲ ಮುಟ್ಟಬಾರದು. ಕಟ್ಟಳೆ ಹಳೆಯದು. ಎಷ್ಟು ಹಳೆಯದೆಂದರೆ, ಅದು ತಮ್ಮ ಮೇಲೆ ಬಂದೀತೆಂದು ದಾಟಿಸುವವರು ಯಾರೂ ಹೆದರುತ್ತಿರಲಿಲ್ಲ.

ಕಡಲ ನಾಡಿನಲ್ಲಿ ಆಗ ಮಾತು ದಾಟಿಸುತ್ತಿದ್ದವಳು ಒಬ್ಬ ಆಗರದ ಹೆಂಗಸು. ಆಗರವೆಂದರೆ ಕಡಲ ನೀರು ಕಟ್ಟಿ ಉಪ್ಪು ಬೆಳೆಯುವ ಮಡಿ. ಅವಳ ಅಪ್ಪ ಅಲ್ಲೇ ದುಡಿದು ಸತ್ತವನು, ಅವಳ ಗಂಡ ಅಲ್ಲೇ ದುಡಿಯುತ್ತಿದ್ದವನು. ಅವಳಿಗೆ ಏಳು ವರ್ಷವಿದ್ದಾಗ ಉಪ್ಪು ನೀರಿಗೆ ಅವಳ ಪಾದ ಬಿರಿದು ರಕ್ತ ಬರುತ್ತಿತ್ತು. ಆ ವರ್ಷ ಕಂಬಳಿ ಮತ್ತು ಬೇರು ಹೊತ್ತು ಹಿಮದ ನಾಡಿನಿಂದ ಬಂದ ತಂಡದ ಮುಂದಾಳು, ಎತ್ತರದ ಆಳು, ಅವಳೆದುರು ಕುಕ್ಕರಗಾಲಲ್ಲಿ ಕೂತು ಬೇರಿನ ಮುಲಾಮು ಹಚ್ಚಿದ. ಹಚ್ಚುತ್ತ ತನ್ನ ಭಾಷೆಯಲ್ಲಿ 'ನೋವು' ಎಂದ, ಆಮೇಲೆ 'ನೋವಿಲ್ಲ' ಎಂದ. ಅವಳು ಎರಡನ್ನೂ ಕಲಿತಳು. ಮುಂದಿನ ವರ್ಷ ಅವನು ಬಂದಾಗ ಇನ್ನಷ್ಟು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅವಳು ಆ ಭಾಷೆಯಲ್ಲಿ ಕನಸು ಕಾಣುತ್ತಿದ್ದಳು. ಊರವರು ಅವನನ್ನು ಕಂಬಳಿಯವನು ಎನ್ನುತ್ತಿದ್ದರು, ಅವಳನ್ನು ದಾಟಿಸುವವಳು ಎನ್ನುತ್ತಿದ್ದರು. ಅವರ ಹುಟ್ಟು ಹೆಸರು ಜನಕ್ಕೆ ಮರೆತೇ ಹೋಗಿತ್ತು.

ಎರಡು ನಾಡಿನವರು ಮಾತಿಗೆ ಕೂತಾಗ ಎದುರುಬದುರು ಎರಡು ಚಾಪೆ ಹಾಸುತ್ತಿದ್ದರು. ನಡುವಿನ ಬರೀ ನೆಲದಲ್ಲಿ ದಾಟಿಸುವವಳು ಕೂರುತ್ತಿದ್ದಳು. ಒಬ್ಬರ ಮಾತು ಕೇಳುವಳು, ಕಣ್ಣು ಮುಚ್ಚುವಳು, ಉಸಿರೆಳೆದು ಬಿಟ್ಟು ಆಚೆಯವರಿಗೆ ಹೇಳುವಳು. 'ಅವರು ಹೀಗೆನ್ನುತ್ತಾರೆ' ಎನ್ನುವ ಹಾಗಿರಲಿಲ್ಲ. 'ನಾನು' ಎಂದೇ ಹೇಳಬೇಕು. ಕಡಲ ನಾಡಿನ ಹಿರಿಯರಾದ ಆಗರದ ಯಜಮಾನರು ಸಿಟ್ಟಾದರೆ ಇವಳು ಸಿಟ್ಟಾಗಿ ಹೇಳಬೇಕು, ಕಂಬಳಿಯವನು ನಕ್ಕರೆ ಇವಳು ನಕ್ಕು ಹೇಳಬೇಕು. ಹೀಗೆ ಇಬ್ಬರ ನಗೆಯನ್ನೂ ಇಬ್ಬರ ಸಿಟ್ಟನ್ನೂ ಆಡಿ ಆಡಿ ಅವಳ ಮುಖಕ್ಕೆ ಯಾವ ನಾಡಿನದೆಂದು ಹೇಳಲಾಗದ ಒಂದು ಕಳೆ ಬಂದಿತ್ತು.

ಒಂದು ವರ್ಷ ಕಡಲ ನಾಡಿಗೆ ಜ್ವರ ಬಂತು. ಮನೆಗೊಬ್ಬರಂತೆ ಮಲಗಿದರು, ಮನೆಗಿದ್ದ ಕಂಬಳಿಗಳೆಲ್ಲ ಹೊದಿಸಿ ಮುಗಿದವು. ಸುದ್ದಿ ಯಾರ ಬಾಯಿಂದ ಯಾರ ಬಾಯಿಗೆ ಹೋಯಿತೋ, ಬರುವ ಕಾಲವಲ್ಲದ ಕಾಲದಲ್ಲಿ ಕಂಬಳಿಯವನು ಬಂದ. ಅವನ ಹಿಂದೆ ಮೂವತ್ತೆಂಟು ಜನ, ಎಲ್ಲರ ಬೆನ್ನ ಮೇಲೂ ಕಹಿಬೇರಿನ ಕಟ್ಟು. ಹೊರಟಾಗ ನಲವತ್ತು ಜನರಿದ್ದರು. ಇಬ್ಬರನ್ನು ತುಂಬಿದ ಹೊಳೆ ಕೊಂಡೊಯ್ದಿತ್ತು. ಅವರ ಬೆನ್ನ ಮೇಲಿದ್ದ ಕಟ್ಟುಗಳನ್ನು ಮಾತ್ರ ಉಳಿದವರು ಹಿಡಿದೆಳೆದು ಉಳಿಸಿಕೊಂಡಿದ್ದರು. ಆ ಬೇರಿನ ಕಷಾಯ ಕುಡಿದು ಊರು ಎದ್ದು ಕೂತಿತು. ಆಗರದ ಯಜಮಾನರ ಮೊಮ್ಮಗಳೂ ಎದ್ದು ಕೂತು ಗಂಜಿ ಕೇಳಿದಳು.

ಅವತ್ತು ಚಾಪೆ ಹಾಸಿದರು. ಕಂಬಳಿಯವನು ತನಗೇನೂ ಬೇಡವೆಂದ. ವರ್ಷದ ಉಪ್ಪು ವರ್ಷ ಬಂದರೆ ಸಾಕು, ತಮ್ಮ ಕೂಸುಗಳು ಹೆಸರಿಲ್ಲದೆ ಉಳಿಯಬಾರದು, ಅಷ್ಟೇ ಎಂದ. ಯಜಮಾನರು ಎದ್ದು ನಿಂತರು. ಅವರ ಕಣ್ಣಲ್ಲಿ ನೀರಿತ್ತು.

"ನಮ್ಮಲ್ಲಿ ಕಡಲು ಇರುವ ತನಕ ನಿಮ್ಮಲ್ಲಿ ಉಪ್ಪು ಇರುತ್ತದೆ" ಎಂದರು.

ಹಿಮದ ನಾಡಿನ ಭಾಷೆಯಲ್ಲಿ ಕೊಡುತ್ತೇವೆ ಎನ್ನಲು ಎರಡು ಪದಗಳಿವೆ. ಒಂದು ನೀರಿನ ಪದ, ಅನುಕೂಲವಾದರೆ ಕೊಟ್ಟೇವು ಎನ್ನುವ ಹಾಗೆ. ಇನ್ನೊಂದು ಕಲ್ಲಿನ ಪದ, ಸತ್ತರೂ ಕೊಡುತ್ತೇವೆ ಎನ್ನುವ ಹಾಗೆ. ದಾಟಿಸುವವಳು ಯಜಮಾನರ ಮುಖ ನೋಡಿದಳು, ಕಣ್ಣು ಮುಚ್ಚಿದಳು, ಉಸಿರೆಳೆದು ಬಿಟ್ಟಳು. ಕಲ್ಲಿನ ಪದವನ್ನೇ ಆಡಿದಳು. ಚಾಪೆಯ ಮೇಲಿದ್ದ ಮೂವತ್ತೆಂಟು ಜನ ಒಟ್ಟಿಗೆ ಎದ್ದು ತಲೆಬಾಗಿದರು.

ಅದೇ ವರ್ಷದ ಕೊನೆಗೆ ಕಡಲು ಉಕ್ಕಿತು. ಆಗರಗಳ ಬದು ಒಡೆದು, ತೂಬು ಕಿತ್ತು, ಮಡಿಗಳೆಲ್ಲ ಕೆಸರಾದವು. ಕಡಲು ಇತ್ತು, ಉಪ್ಪಿರಲಿಲ್ಲ. ಹಿಮದ ನಾಡಿನಿಂದಲೂ ಯಾರೂ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ, ಅದರ ಮುಂದಿನ ವರ್ಷವೂ ಬರಲಿಲ್ಲ. ಮೂರನೆಯ ವರ್ಷ ನಡುನಾಡಿನ ಮಣಿಸರದವರು ಮಾರಾಟಕ್ಕೆ ಬಂದು ತಮಗೆ ಬಂದಷ್ಟು ಹರಕುಮುರುಕು ಮಾತಿನಲ್ಲಿ ಸುದ್ದಿ ಹೇಳಿದರು. ಮೇಲಿನ ಕಣಿವೆಯಲ್ಲಿ ಗುಡ್ಡ ಜರಿದು ದಾರಿ ಮುಚ್ಚಿಹೋಗಿದೆ. ಆಚೆ ಕುರಿಗಳು ಉಪ್ಪಿಲ್ಲದೆ ಕಲ್ಲು ನೆಕ್ಕುತ್ತಿವೆಯಂತೆ. ಮೂರು ವರ್ಷದ ಕೂಸುಗಳಿಗೆ ಹೆಸರಿಲ್ಲವಂತೆ.

ಊರು ಸೇರಿತು. ಯಜಮಾನರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ನ್ಯಾಯವೂ ಇತ್ತು. ಬದು ಕಟ್ಟಲು ಜನರಲ್ಲಿ ತ್ರಾಣವಿಲ್ಲ, ನಮ್ಮ ಗಂಜಿಗೇ ಉಪ್ಪು ಸಾಲದು, ಕಳಿಸಿದರೂ ದಾರಿಯಿಲ್ಲ. ಅಂದು ತುಂಬಿದ ಎದೆಯಿಂದ ಒಂದು ಮಾತು ಬಂತು, ಅದು ಉಪಚಾರದ ಮಾತು, ನೆಂಟರನ್ನು ಕಳಿಸಿಕೊಡುವಾಗ ಎಲ್ಲರೂ ಆಡುವಂಥದು. ಹೀಗೆಲ್ಲ ಹೇಳಿ ಅವರು ದಾಟಿಸುವವಳ ಕಡೆ ತಿರುಗಿದರು.

"ಒಂದು ಪದ ತಪ್ಪಾಯಿತು ಎಂದುಬಿಡು ತಂಗಿ. ನೀರಿನ ಪದ ಆಡಬೇಕಾದಲ್ಲಿ ಕಲ್ಲಿನ ಪದ ಆಡಿದೆ ಎನ್ನು. ನಾಡಿನ ತಲೆಯ ಮೇಲಿನ ಭಾರ ಇಳಿಯುತ್ತದೆ, ನಿನ್ನದೂ ಇಳಿಯುತ್ತದೆ."

ಕಟ್ಟಳೆಯಲ್ಲಿ ಅದಕ್ಕೂ ಎಡೆಯಿತ್ತು. ದಾಟಿಸುವಾಗ ತಪ್ಪಿದೆ ಎಂದು ಒಪ್ಪಿಕೊಂಡವರು ಆ ಭಾಷೆಯನ್ನು ಮತ್ತೆಂದೂ ಆಡಬಾರದು, ಅಷ್ಟೇ ಶಿಕ್ಷೆ.

ಅವಳು ಒಂದು ದಿನದ ಗಡುವು ಕೇಳಿದಳು. ತಮ್ಮ ಒಡೆದ ಆಗರದ ಬದುವಿನ ಮೇಲೆ ಬೆಳಗಿನಿಂದ ಸಂಜೆಯತನಕ ಕೂತಳು. ಪದ ತಪ್ಪಿತೇ? ತಪ್ಪಿದ್ದರೂ ತಪ್ಪಿರಬಹುದು. ಆದರೆ ಅವತ್ತಿನ ಯಜಮಾನರ ಮುಖ ಅವಳ ಕಣ್ಣಮುಂದೆಯೇ ಇತ್ತು. ಮೊಮ್ಮಗಳು ಗಂಜಿ ಕೇಳಿದ ಬೆಳಗಿನ ಮುಖ ಅದು. ಆ ಮುಖ ಸುಳ್ಳಾಗಿರಲಿಲ್ಲ. ಮರುದಿನ ಅವಳು ಊರ ಮುಂದೆ ನಿಂತು, ತಾನು ಸರಿಯಾಗಿಯೇ ದಾಟಿಸಿದೆ ಎಂದಳು.

"ಅವತ್ತು ನೀವು ಮನಸಾರೆ ಹೇಳಿದಿರಿ ಯಜಮಾನರೆ. ಮನಸಾರೆ ಬಂದದ್ದನ್ನು ಉಪಚಾರ ಎಂದು ನಾನು ಹೇಗೆ ಹೇಳಲಿ? ನಿಮ್ಮನ್ನು ಸಣ್ಣವರನ್ನಾಗಿ ಮಾಡಿದ ಹಾಗಾಗುತ್ತದೆ."

ಯಜಮಾನರು ಎದ್ದುಹೋದರು.

ಅವಳು ಮತ್ತು ಅವಳ ಗಂಡ ತಮ್ಮ ಆಗರದ ಒಂದು ಮೂಲೆಯನ್ನು ಕೈಯಲ್ಲೇ ಕೆಸರು ಬಾಚಿ ಶುದ್ಧ ಮಾಡಿದರು. ಒಂದು ಚಾಪೆಯಷ್ಟು ಜಾಗ. ಅಲ್ಲಿ ನೀರು ನಿಲ್ಲಿಸಿ, ಬಿಸಿಲಿಗೆ ಬಿಟ್ಟು, ಹೆಪ್ಪುಗಟ್ಟಿದ್ದನ್ನು ಎಳೆದು ಎಳೆದು ಬೇಸಿಗೆ ಮುಗಿಯುವಷ್ಟರಲ್ಲಿ ಒಂದು ಮೂಟೆ ಉಪ್ಪಾಯಿತು. ಮಳೆಗಾಲವಿಡೀ ಅದನ್ನು ಅಟ್ಟದ ಮೇಲೆ ಒಲೆಯ ಶಾಖಕ್ಕೆ ಇಟ್ಟರು. ಮಳೆ ನಿಂತ ಮೇಲೆ ಅವಳು ಮೂಟೆಯನ್ನು ಬೆನ್ನಿಗೆ ಬಿಗಿದುಕೊಂಡು ಹೊರಟಳು. ಹೊರೆಗೆ ಬೇರೆಯವರು ಹೆಗಲು ಕೊಡುವ ಹಾಗಿರಲಿಲ್ಲ, ಅವಳು ನಿದ್ದೆ ಹೋದಾಗ ಹಿಡಿದುಕೊಳ್ಳಬಹುದಿತ್ತು, ಅಷ್ಟೇ. ಗಂಡ ಗಡಿಗಲ್ಲಿನ ತನಕ ಜೊತೆಗೆ ನಡೆದ. ಅಲ್ಲಿಗೆ ಎರಡು ದಿನದ ದಾರಿ, ಎರಡು ರಾತ್ರಿಯೂ ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನು ಮಾತಿನವನಲ್ಲ. ಗಡಿಗಲ್ಲಿನ ಹತ್ತಿರ ಮೂಟೆಯ ಹಗ್ಗ ಬಿಗಿ ಮಾಡಿದ.

"ನನಗೆ ನಿನ್ನ ಆ ಭಾಷೆ ಬಾರದು, ಬದು ಕಟ್ಟುವುದು ಬರುತ್ತದೆ. ಹೋಗಿ ಅದನ್ನೇ ಮಾಡುತ್ತೇನೆ" ಎಂದ.

ಆಮೇಲೆ ಅವಳು ಒಬ್ಬಳೇ.

ನಡುನಾಡುಗಳ ಜನಕ್ಕೆ ಅವಳ ಭಾಷೆ ಬಾರದು, ಅವರ ಭಾಷೆ ಅವಳಿಗೆ ಬಾರದು. ಅವಳು ಬೆಳಗೆಲ್ಲ ನಡೆಯುತ್ತಿದ್ದಳು. ದಣಿದಾಗ ಯಾವುದೋ ಒಂದು ಬಾಗಿಲ ಮುಂದೆ ನಿಲ್ಲುತ್ತಿದ್ದಳು. ಬೆನ್ನಿನ ಮೂಟೆ ತೋರಿಸಿ, ನೆಲ ತೋರಿಸಿ, ತಲೆ ಅಲ್ಲಾಡಿಸಿ, ಎರಡೂ ಕೈ ಮುಂದೆ ಚಾಚುತ್ತಿದ್ದಳು. ನೆಲ ಮುಟ್ಟಬಾರದು, ಹಿಡಿದುಕೊಳ್ಳಿ. ಮೊದಲ ಊರಿನಲ್ಲಿ ಜನ ಅವಳನ್ನು ಮರುಳಿ ಎಂದುಕೊಂಡರು. ಕೊನೆಗೆ ಒಬ್ಬ ಮುದುಕಿ ಹೊಸ್ತಿಲ ಮೇಲೆ ಕೂತು ಮಡಿಲು ಹಾಸಿದಳು. ದಾಟಿಸುವವಳು ಗೋಡೆಗೊರಗಿ ಕಣ್ಣು ಮುಚ್ಚಿದಳು. ಎದ್ದಾಗ ಮುದುಕಿ ಇದ್ದ ಹಾಗೆಯೇ ಕೂತಿದ್ದಳು, ಅವಳ ಕಾಲು ಜೋಮು ಹಿಡಿದಿತ್ತು, ಮೂಟೆ ಮಡಿಲಲ್ಲೇ ಇತ್ತು.

ಮುಂದಿನ ಊರಿಗೆ ಅವಳಿಗಿಂತ ಮೊದಲೇ ಸುದ್ದಿ ಹೋಗಿತ್ತು. ಅಲ್ಲಿ ಒಬ್ಬ ಕಮ್ಮಾರ ಮಡಿಲು ಹಾಸಿದ. ಅದರ ಮುಂದಿನ ಊರಿನಲ್ಲಿ ಅಕ್ಕತಂಗಿಯರಿಬ್ಬರು ಸರದಿಯಲ್ಲಿ ಹಿಡಿದರು. ಹಗಲಲ್ಲೇ ಮಲಗಿದರೆ ಹಗಲಲ್ಲೇ ಹಿಡಿದರು. ಅಂಬಿಗನೊಬ್ಬ ದೋಣಿ ನಡುಹೊಳೆಯಲ್ಲಿ ನಿಲ್ಲಿಸಿ, ಹುಟ್ಟು ಕೆಳಗಿಟ್ಟು ಮೂಟೆ ಇಸಿದುಕೊಂಡು, ನೀನು ಈಗ ಮಲಗು ಎಂದು ಕೈಸನ್ನೆ ಮಾಡಿದ. ಎಷ್ಟೋ ವರ್ಷಗಳಿಂದ ಅವರ ಅಂಗಳದ ಮುಂದೆ ಕಂಬಳಿಯೂ ಉಪ್ಪೂ ಹೋಗುತ್ತಿದ್ದವು, ಬರುತ್ತಿದ್ದವು. ಅವರನ್ನು ಯಾರೂ ಮಾತಾಡಿಸಿರಲಿಲ್ಲ. ಈಗ ಆ ದಾರಿಯ ಭಾರ ಮೊದಲ ಸಲ ಅವರ ತೊಡೆಯ ಮೇಲೆ ಕೂತಿತು.

ನಾಲ್ಕನೆಯ ತಿಂಗಳು ಅಕಾಲದ ಮಳೆ ಹಿಡಿಯಿತು. ಅವಳು ಇದ್ದ ಸೀರೆಯನ್ನೆಲ್ಲ ಮೂಟೆಗೆ ಸುತ್ತಿ ತಾನು ನೆನೆದಳು. ಆದರೂ ಬೆನ್ನಿನ ಮೇಲೆ ಉಪ್ಪುನೀರು ಇಳಿಯತೊಡಗಿತು. ಭಾರ ಕಡಿಮೆಯಾಗುತ್ತ ಹೋದಷ್ಟೂ ಅವಳಿಗೆ ನಡೆಯುವುದು ಕಷ್ಟವಾಯಿತು. ಒಂದು ಕುಂಬಾರರ ಕೇರಿಯಲ್ಲಿ ಉಳಿದದ್ದನ್ನು ಒಲೆಯ ಮೇಲೆ ಒಣಗಿಸಿ ಮಡಕೆಗೆ ತುಂಬಿ ಬಾಯಿಗೆ ಮೇಣ ಮೆತ್ತಿಕೊಟ್ಟರು. ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಅವಳು ಆ ಮಡಕೆಯನ್ನು ಎದೆಗೆ ಕಟ್ಟಿಕೊಂಡು ಕಣಿವೆಯ ಬುಡಕ್ಕೆ ಬಂದಳು.

ದಾರಿಯಿರಲಿಲ್ಲ. ಬೆಟ್ಟವೇ ಮಗುಚಿಬಿದ್ದು ಎದುರಿಗೆ ಕಲ್ಲಿನ ಗೋಡೆ ನಿಂತಿತ್ತು. ಹತ್ತುವಂತಿಲ್ಲ, ಬಳಸುವಂತಿಲ್ಲ. ಮಡಿಲು ಹಾಸುವ ಬಾಗಿಲೂ ಅಲ್ಲಿರಲಿಲ್ಲ. ಅವಳು ಮಡಕೆಯನ್ನು ಅಪ್ಪಿಕೊಂಡು ಕಲ್ಲಿಗೆ ಒರಗಿದಳು. ಇಷ್ಟು ದೂರ ಬಂದದ್ದು ಇದನ್ನು ನೋಡಲಿಕ್ಕೇ ಇರಬೇಕು ಅನ್ನಿಸಿತು. ಯಜಮಾನರು ಹೇಳಿದ್ದೇ ಸರಿಯಿತ್ತೇನೋ ಎಂದು ಮೊದಲ ಬಾರಿಗೆ ಅನ್ನಿಸಿತು.

ಆಗ ಒರಗಿದ್ದ ಕಲ್ಲು ಅವಳ ಬೆನ್ನಿಗೆ ತಟ್ಟಿತು.

ಅವಳು ಉಸಿರು ಹಿಡಿದಳು. ಮತ್ತೆ ತಟ್ಟಿತು. ಕಿವಿಗೊಟ್ಟರೆ ಒಳಗಿನಿಂದ ಸದ್ದು. ಒಂದು ಸುತ್ತಿಗೆಯದಲ್ಲ, ನೂರು ಸುತ್ತಿಗೆಯದು. ಅವಳು ಬಾಯಿ ಹಚ್ಚಿ ಹಿಮದ ನಾಡಿನ ಭಾಷೆಯಲ್ಲಿ ಕೂಗಿದಳು. ಸದ್ದು ನಿಂತಿತು. ಆಮೇಲೆ ಇಮ್ಮಡಿಯಾಯಿತು. ಅವಳು ಅಲ್ಲೇ ಮೂರು ದಿನ ಕಾದಳು, ಮಡಕೆಯನ್ನು ಎದೆಗೆ ಬಿಗಿದುಕೊಂಡೇ ನಿಂತು ತೂಕಡಿಸಿದಳು. ನಾಲ್ಕನೆಯ ಬೆಳಗು ಒಂದು ಕಲ್ಲು ಒಳಕ್ಕೆ ಜಾರಿತು. ಆ ಸಂದಿಯಿಂದ ಧೂಳು ಮೆತ್ತಿದ ಎರಡು ಕೈ ಹೊರಗೆ ಬಂದವು. ಬೆರಳ ಗಂಟುಗಳು ಒಡೆದಿದ್ದವು, ಕೈ ಮುದಿಯಾಗಿದ್ದವು. ಅವಳಿಗೆ ಗುರುತು ಸಿಕ್ಕಿತು. ಮಡಕೆಯನ್ನು ಕಂಬಳಿಯವನ ಕೈಗಿಟ್ಟಳು. ಇಟ್ಟ ಮೇಲೆ ಅಲ್ಲೇ ನೆಲದ ಮೇಲೆ ಕೂತಳು.

ಸಂದಿ ಬಾಗಿಲಾಗಲು ಇನ್ನೆರಡು ದಿನ ಹಿಡಿಯಿತು. ಆಚೆ ಹೋದಾಗ ಅವಳಿಗೆ ತಿಳಿಯಿತು. ಗುಡ್ಡ ಜರಿದ ಮರುದಿನದಿಂದಲೇ ಹಿಮದ ನಾಡಿನವರು ದಾರಿ ಕಡಿಯತೊಡಗಿದ್ದರು. ಉಪ್ಪು ಬರುವುದೋ ಇಲ್ಲವೋ ಎಂದು ಅವರು ಕೇಳಿಕೊಂಡಿರಲಿಲ್ಲ. ಮಾತು ಬಂದಿದೆ, ಕಲ್ಲಿನ ಪದದಲ್ಲಿ ಬಂದಿದೆ, ಅಂದ ಮೇಲೆ ಉಪ್ಪು ಹೊರಟಿರುತ್ತದೆ. ಅದು ಬಂದಾಗ ದಾರಿ ಇರಬೇಕು. ಇಷ್ಟೇ ಅವರ ಲೆಕ್ಕ. ನಾಲ್ಕು ವರ್ಷ ಬೇಸಿಗೆಯಲ್ಲಿ ಕುರಿ, ಚಳಿಯಲ್ಲಿ ಕಲ್ಲು.

ಅವಳು ನಾಚಿಕೆಯಿಂದ ಹೇಳಿದಳು, ಇದು ಒಂದೇ ಮಡಕೆ, ಅದೂ ಮಳೆಗೆ ಕರಗಿ ಉಳಿದದ್ದು. ಕಂಬಳಿಯವನು ಮಡಕೆಯ ಮೇಣ ಬಿಡಿಸಿ ಒಳಗೆ ನೋಡಿದ.

"ಹೆಸರಿಗೆ ಒಂದು ಹರಳು ಸಾಕು ಮಗಳೆ. ಮಿಕ್ಕದ್ದು ಕುರಿಗಳಿಗೆ" ಎಂದ.

ಆ ಬಯಲಿನಲ್ಲಿ ತಾಯಂದಿರು ಸಾಲುಗಟ್ಟಿದರು. ಕೆಲವು ಕೂಸುಗಳು ಕಂಕುಳಲ್ಲಿದ್ದವು, ಕೆಲವು ತಾವೇ ನಡೆದು ಬಂದವು. ಕಂಬಳಿಯವನು ಹರಳು ಮುಟ್ಟಿಸುವನು, ಕೂಸು ಮುಖ ಕಿವಿಚುವುದು, ತಾಯಿ ಇಷ್ಟು ದಿನ ಬಾಯಲ್ಲೇ ಇಟ್ಟುಕೊಂಡ ಹೆಸರನ್ನು ಕೂಗುವಳು, ಬೆಟ್ಟ ಅದನ್ನು ಹಿಂದಕ್ಕೆ ಕೂಗುವುದು. ಹೀಗೆ ಬೆಳಗಿನಿಂದ ಸಂಜೆಯವರೆಗೆ. ಒಬ್ಬಳು ಪುಟ್ಟ ಹುಡುಗಿ ತಾಯಿ ಬಾಯಿ ತೆರೆಯುವ ಮೊದಲೇ ತನ್ನ ಹೆಸರು ಸುತ್ತಿಗೆ ಎಂದುಬಿಟ್ಟಳು. ಹುಟ್ಟಿದಾಗಿನಿಂದ ಅವಳು ಕೇಳಿದ್ದು ಅದೇ ಸದ್ದು. ಜನ ನಕ್ಕರು. ಹೆಸರು ಹಾಗೆಯೇ ಉಳಿಯಿತು. ದಾಟಿಸುವವಳು ಒಂದು ಬಂಡೆಯ ಮೇಲೆ ಕೂತು ಒಂದೊಂದು ಹೆಸರನ್ನೂ ಮೆಲ್ಲಗೆ ತನ್ನ ಬಾಯಲ್ಲೂ ಆಡಿಕೊಂಡಳು. ಎಷ್ಟು ಹೆಸರೆಂದು ಎಣಿಸಲಿಲ್ಲ.

ಅವಳ ಕಾಲು ಇಳಿದು ಹೋಗುವ ಸ್ಥಿತಿಯಲ್ಲಿರಲಿಲ್ಲ. ಆ ವರ್ಷ ಅಲ್ಲೇ ಉಳಿದಳು. ಉಣ್ಣೆ ನೂಲುವುದು ಕಲಿತಳು, ಕಡಲೆಂದರೆ ಏನೆಂದು ಅಲ್ಲಿಯವರಿಗೆ ಹೇಳಿ ಹೇಳಿ ಸೋತಳು. ಹಿಮ ಕರಗುವ ಕಾಲ ಮತ್ತೆ ಬಂತು. ಒಂದು ಮಧ್ಯಾಹ್ನ ಕುರಿ ಕಾಯುವವರು ಓಡಿಬಂದು, ಕಣಿವೆಯಲ್ಲಿ ಜನ ಏರಿ ಬರುತ್ತಿದ್ದಾರೆ ಎಂದರು.

ಅವಳು ಕುಂಟುತ್ತ ಹೋಗಿ ನೋಡಿದಳು. ಅರವತ್ತು ಜನ, ಎಲ್ಲರ ಬೆನ್ನ ಮೇಲೂ ಮೂಟೆ. ಅವರ ಜೊತೆಗೆ ನಡುನಾಡುಗಳ ಕಮ್ಮಾರರು, ಕುಂಬಾರರು, ಅಂಬಿಗರು. ಸಾಲಿನ ಮುಂದೆ ಕೋಲೂರಿಕೊಂಡು ಯಜಮಾನರು, ಅವರ ಬೆನ್ನ ಮೇಲೂ ಒಂದು ಮೂಟೆ. ಅವರ ಹಿಂದೆ ಅವಳ ಗಂಡ. ಅವನು ಆಮೇಲೆ ಹೇಳಿದ್ದು ಇಷ್ಟು. ಅವನು ಗಡಿಯಿಂದ ಹಿಂದಿರುಗಿ ಒಬ್ಬನೇ ಬದು ಕಟ್ಟಲು ಕೂತ. ಹತ್ತನೆಯ ದಿನ ಒಬ್ಬ ಬಂದ, ಇಪ್ಪತ್ತನೆಯ ದಿನ ಕೇರಿ ಬಂತು. ಯಜಮಾನರು ಒಂದು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಬಂದ ದಿನ ಯಾರನ್ನೂ ಮಾತಾಡಿಸದೆ ಕೆಸರಿಗೆ ಇಳಿದರು.

ಚಾಪೆ ಹಾಸಿದರು. ಯಜಮಾನರು ಈ ಕಡೆ, ಕಂಬಳಿಯವನು ಆ ಕಡೆ. ದಾಟಿಸುವವಳು ನಡುವಿನ ಬರೀ ನೆಲದಲ್ಲಿ. ಯಜಮಾನರು ತಲೆ ತಗ್ಗಿಸಿಕೊಂಡೇ ಮಾತಾಡಿದರು.

"ಅವತ್ತು ನಾನು ನಿಮಗೆ ಮಾತು ಕೊಟ್ಟೆ. ಕಷ್ಟ ಬಂದಾಗ ಅದು ಬರೀ ಉಪಚಾರ ಎಂದು ನನ್ನ ಜನಕ್ಕೆ ಹೇಳಿದೆ. ಈ ಹೆಣ್ಣುಮಗಳಿಗೆ ಸುಳ್ಳು ಹೇಳು ಎಂದೆ. ಅವಳು ಹೇಳಲಿಲ್ಲ. ಇದು ನಿಮಗೆ ಗೊತ್ತಿರಲಿ."

ಅವಳು ಕೇಳಿದಳು. ಕಣ್ಣು ಮುಚ್ಚಿದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ 'ನಾನು' ಎನ್ನುವ ಪದ ಆಡಲು ಅವಳು ಹಿಂಜರಿದಳು. ಬಿಟ್ಟುಬಿಡಬಹುದಿತ್ತು, ಮೆತ್ತಗೆ ಮಾಡಬಹುದಿತ್ತು, ಅಲ್ಲಿ ಎರಡೂ ಭಾಷೆ ಬಲ್ಲವರು ಇನ್ನೊಬ್ಬರಿರಲಿಲ್ಲ. ಅವಳು ಉಸಿರೆಳೆದು ಬಿಟ್ಟು ಇದ್ದದ್ದನ್ನು ಇದ್ದಹಾಗೆ ದಾಟಿಸಿದಳು. ತನ್ನನ್ನೇ ತಾನು 'ಈ ಹೆಣ್ಣುಮಗಳು' ಎಂದಳು. ಅವಳ ಕಣ್ಣಿಂದ ನೀರು ಇಳಿಯಿತು, ಯಜಮಾನರ ಕಣ್ಣಿಂದ ಇಳಿದಂತೆಯೇ.

ಕಂಬಳಿಯವನು ಒಡೆದ ಬೆರಳುಗಳನ್ನು ನೋಡಿಕೊಳ್ಳುತ್ತ ಉತ್ತರ ಕೊಟ್ಟ. ತಮಗೂ ಅನುಮಾನ ಬಂದ ದಿನಗಳಿದ್ದವು ಎಂದ. ಇಷ್ಟು ದೊಡ್ಡ ಮಾತನ್ನು ಒಬ್ಬ ಮನುಷ್ಯ ನಡೆಸಲಾರ ಎಂದು ತಮಗೂ ಗೊತ್ತಿತ್ತು ಎಂದ.

"ಆದರೆ ಮಾತು ಹೇಳಿದವರಿಗಿಂತ ದೊಡ್ಡದಿತ್ತು. ಕೇಳಿದ ನಮಗಿಂತಲೂ ದೊಡ್ಡದಿತ್ತು. ಅಂಥದ್ದನ್ನು ಒಂದೇ ಕಡೆಯವರು ಎತ್ತಲಾಗುವುದಿಲ್ಲ. ಹಾಗಾಗಿ ನಮ್ಮ ಕಡೆಯಿಂದ ನಾವು ಕಲ್ಲು ಒಡೆದೆವು."

ಅವಳು ಅದನ್ನೂ ದಾಟಿಸಿದಳು. ಅರವತ್ತು ಜನರ ಬೆನ್ನಿನ ಮೂಟೆಗಳನ್ನು ಹಿಮದ ನಾಡಿನವರು ಒಂದೊಂದಾಗಿ ಕೈನೀಡಿ ಇಳಿಸಿಕೊಂಡರು.

ಯಜಮಾನರು ತಮ್ಮ ಚಾಪೆಯಿಂದ ಎದ್ದು ಕಂಬಳಿಯವನ ಚಾಪೆಯ ತುದಿಯಲ್ಲಿ ಹೋಗಿ ಕೂತರು. ಬೆಟ್ಟದ ನೆತ್ತಿಯ ಬಿಳುಪನ್ನು ಬೆರಳಲ್ಲಿ ತೋರಿಸಿ ಹುಬ್ಬೇರಿಸಿದರು. ಕಂಬಳಿಯವನು ಅದರ ಹೆಸರು ಹೇಳಿದ. ಯಜಮಾನರು ಹೇಳಿ ನೋಡಿದರು, ಹೇಳಿದ್ದು ಆ ಭಾಷೆಯಲ್ಲಿ ಅಳಿಯ ಎಂದಾಯಿತು. ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ಕಂಬಳಿಯವನು ಮತ್ತೆ ಹೇಳಿಕೊಟ್ಟ, ಯಜಮಾನರು ಮತ್ತೆ ತಪ್ಪಿದರು, ತಾವೂ ನಕ್ಕರು. ಆಮೇಲೆ ಅವರು ಎರಡು ಕೈಗಳನ್ನೂ ಬೀಸಿ ಬೀಸಿ, ಬಾಯಲ್ಲಿ ಸದ್ದು ಮಾಡುತ್ತ, ಅಲೆ ಹೇಗೆ ಬರುತ್ತದೆಂದು ತೋರಿಸತೊಡಗಿದರು. ಹಿಮದ ನಾಡಿನ ಮಕ್ಕಳೆಲ್ಲ ಬಂದು ಸುತ್ತ ಕೂತವು.

ದಾಟಿಸುವವಳು ಅಭ್ಯಾಸಬಲದಿಂದ ಬಾಯಿ ತೆರೆದಳು. ಅಲ್ಲಿ ದಾಟಿಸಲು ಏನೂ ಇರಲಿಲ್ಲ. ಅವಳು ಎದ್ದು ಗಂಡನ ಪಕ್ಕ ಹೋಗಿ ಕೂತು, ಕಾಲು ಚಾಚಿ, ಸುಮ್ಮನೆ ಆ ಗದ್ದಲ ಕೇಳಿಸಿಕೊಂಡಳು.